ಎಡಗಲ್ಲಕ್ಕೆ ಎರಡು ಹನಿ

ನನ್ನ ಮುಖದ ಎಡಭಾಗವನ್ನು ಹೆಂಡತಿ ನನ್ನಿಂದ ಕೇಳಿ ಪಡೆದದ್ದು ಒಂದು ಸೋಮವಾರ ಬೆಳಿಗ್ಗೆ. ಮುಂಬೈ ಹತ್ತಿರದ ಕಲ್ಯಾಣದಲ್ಲಿರುವ ನನ್ನ ಸೀರೆ ಅಂಗಡಿಗೆ ಸೋಮವಾರ ರಜೆ. ಡೊಂಬಿವಲಿಯ ನಮ್ಮ ಎರಡನೇ ಮಹಡಿಯ ಮನೆಯಲ್ಲಿ ಒಗ್ಗರಣೆ ಅವಲಕ್ಕಿಯ ತಾಟು ಹಿಡಿದುಕೊಂಡು ಕೂತಿದ್ದೆ. ಅವಳು ಸ್ಟೂಲು ಎಳೆದುಕೊಂಡು ಬಂದು ನನ್ನ ಎದುರಿಗೇ ಕೂತಳು. ಕೈಯಲ್ಲಿ ಕಿವಿಗೆ ಹಾಕುವ ಔಷಧದಷ್ಟು ಪುಟ್ಟ ಬಾಟಲಿ ಇತ್ತು.

"ರೀ, ನಿಮ್ಮ ಗಲ್ಲ ಸ್ವಲ್ಪ ಬೇಕಾಗಿತ್ರಿ," ಎಂದಳು.

"ಯಾಕ?"

"ಇದನ್ನ ಹಚ್ಚಿ ನೋಡಾಕ. ಮೊದಲ ನಿಮಗ ಹಚ್ತೀನಿ. ಏನೂ ಆಗ್ಲಿಲ್ಲಂದ್ರ ಆಮ್ಯಾಲೆ ನಾ ಹಚ್ಕೋತೀನಿ."

ಅವಳ ಹೆದರಿಕೆಗೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಕಾಮೋಠೆಯಲ್ಲಿ ಅವಳ ತಂಗಿಯ ಮಗಳ ಮದುವೆ. ಹಿಂದಿನ ದಿನ ಯಾವುದೋ ಪಾರ್ಲರಿನಲ್ಲಿ ಏನೋ ಕ್ರೀಮು ಹಚ್ಚಿಸಿಕೊಂಡು ಬಂದಳು. ಮದುವೆಯ ದಿನ ಬೆಳಗಾಗುವಷ್ಟರಲ್ಲಿ ಮುಖ ಊದಿಕೊಂಡು ಕಣ್ಣು ಗೆರೆಯಷ್ಟಾಗಿದ್ದವು. ಅಕ್ಷತೆ ಹಾಕುವಾಗಲೂ ಸೆರಗನ್ನು ಮೂಗಿನ ತನಕ ಎಳೆದುಕೊಂಡೇ ನಿಂತಿದ್ದಳು. ಅಂದಿನಿಂದ ಅವಳ ಮುಖಕ್ಕೆ ತಣ್ಣೀರು, ಕಡ್ಲಿಹಿಟ್ಟು ಬಿಟ್ಟರೆ ಬೇರೇನೂ ಸೋಕಿರಲಿಲ್ಲ.

ಆದರೆ ಮಗಳು ಬಿಡಬೇಕಲ್ಲ. ನವಿ ಮುಂಬೈಯ ಒಂದು ಆಫೀಸಿನಲ್ಲಿ ಕೆಲಸ ಮಾಡುವ ಅವಳು ಅಲ್ಲೇ ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದಾಳೆ. ವಾರಕ್ಕೊಮ್ಮೆ ಮನೆಗೆ ಬಂದಾಗಲೆಲ್ಲ ಒಂದು ಸೀರಮ್ಮೋ ಮಾಯಿಶ್ಚರೈಸರೋ ತಂದು ಕನ್ನಡಿಯ ಪಕ್ಕದ ಶೆಲ್ಫಿನಲ್ಲಿ ಇಟ್ಟು ಹೋಗುತ್ತಿದ್ದಳು. ವಿಟಮಿನ್ ಸಿ ಒಂದು, ನಾಲಿಗೆ ಹೊರಳದ ಹೆಸರಿನ ಆಸಿಡ್ ಒಂದು, ಬೆಣ್ಣೆಯ ಹಾಗೆ ಬೆಳ್ಳಗಿನ ಕ್ರೀಮಿನ ಡಬ್ಬಿ ಒಂದು. ನನ್ನ ಹೆಂಡತಿ ಚಷ್ಮಾ ಹಾಕಿಕೊಂಡು ಪೆಟ್ಟಿಗೆಯ ಮೇಲಿನದನ್ನೆಲ್ಲ ಓದಿ, ಮತ್ತೆ ಅಲ್ಲೇ ಇಡುತ್ತಿದ್ದಳು.

"ಮಮ್ಮಿ, ಪ್ಯಾಚ್ ಟೆಸ್ಟ್ ಕರ್ ನಾ," ಎಂದು ಮಗಳು ತನ್ನ ಹಿಂದಿಗನ್ನಡದಲ್ಲಿ ಹೇಳಿದ್ದಳು. "ಕಿವಿ ಹಿಂದೆ ಥೋಡಾ ಹಚ್ಕೊಂಡು ನೋಡು. ಒಂದು ದಿನದಾಗ ಗೊತ್ತಾಗ್ತದ."

"ಕಿವಿ ಹಿಂದಿನ ಚರ್ಮಕ್ಕ ಬಿಸಿಲು ಗೊತ್ತಿಲ್ಲ, ಧೂಳು ಗೊತ್ತಿಲ್ಲ," ಎಂದಿದ್ದಳು ತಾಯಿ. "ಅದರ ಸಾಕ್ಷಿ ನಾ ನಂಬಂಗಿಲ್ಲ."

ಬಿಸಿಲು, ಧೂಳು ಎರಡನ್ನೂ ಕಂಡ ಚರ್ಮ ಬೇಕೆಂದರೆ ಅದು ಮನೆಯಲ್ಲೇ ಅವಲಕ್ಕಿ ತಿನ್ನುತ್ತ ಕೂತಿತ್ತು. ಐವತ್ತೈದು ವರ್ಷ ಮೈಸೋಪೊಂದನ್ನು ಬಿಟ್ಟು ಬೇರೇನನ್ನೂ ಕಾಣದ ಮುಖ ನನ್ನದು. ನಾನು ಬಾಟಲಿಯನ್ನು ತಿರುಗಿಸಿ ನೋಡಿದೆ.

"ಇದರ ಮ್ಯಾಲ ಆಸಿಡ್ ಅಂತ ಬರದೈತಲ್ಲ. ಸಂಡಾಸ ತೊಳಿಯೂದನ್ನ ಮುಖಕ್ಕ ಹಚ್ತಿ ಏನು?"

"ಲಿಂಬಿಹಣ್ಣಿನಾಗೂ ಆಸಿಡ್ ಐತ್ರಿ. ಈಗ ಅವಲಕ್ಕಿ ಮ್ಯಾಲ ಹಿಂಡ್ಕೊಂಡೀರಲ್ಲ," ಎಂದು ನನ್ನ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿದಳು. ಎಡಗಲ್ಲಕ್ಕೆ ಎರಡು ಹನಿ ಬಿತ್ತು. ತಣ್ಣಗಿತ್ತು, ಸ್ವಲ್ಪ ಅಂಟಂಟು. ಅದು ಆರಿದ ಮೇಲೆ ಕಡಲೆಕಾಳಿನಷ್ಟು ಕ್ರೀಮು ತೆಗೆದು ಅದರ ಮೇಲೆ ಸವರಿದಳು.

ಅಂದಿನಿಂದ ದಿನಾ ಬೆಳಿಗ್ಗೆ ಇದೇ ನಡೆಯಿತು. ಸ್ನಾನ ಮುಗಿಸಿ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗಳ ನಡುವೆ ನಾನು ಕುರ್ಚಿಯ ಮೇಲೆ ಕೂರಬೇಕು. ಅವಳು ನಿನ್ನೆಯ ಗಲ್ಲವನ್ನು ಮೊದಲು ಪರೀಕ್ಷಿಸಬೇಕು. ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಪೆನ್ಸಿಲಿನಿಂದ "ಕೆಂಪಿಲ್ಲ, ತುರಿಕಿಲ್ಲ" ಎಂದು ಬರೆಯಬೇಕು. ಏಕಾದಶಿಯ ಕೆಳಗೂ ಅದೇ, ಅಮಾವಾಸ್ಯೆಯ ಕೆಳಗೂ ಅದೇ. ಆಮೇಲೆ ಎರಡು ಹನಿ.

"ಅಲ್ಲಾಡಬ್ಯಾಡ್ರಿ."

"ಎಂಟು ಐವತ್ತರ ಗಾಡಿ ತಪ್ಪತೈತಿ."

"ಎಲ್ಲಾರೂ ಮುಂಬೈ ಕಡೆ ಹೋಗೂವಾಗ ನೀವು ಒಬ್ರ ಉಲ್ಟಾ ಹೋಗಾವ್ರು. ನಿಮಗ ಎಲ್ಲಾ ಗಾಡಿನೂ ಖಾಲಿ ಇರ್ತಾವ. ಸುಮ್ನ ಕುಂದರ್ರಿ."

ಆರಂಭದಲ್ಲಿ ಮುಜುಗರವೆನಿಸಿತ್ತು. ಎದುರು ಬಿಲ್ಡಿಂಗಿನವರು ನೋಡುತ್ತಾರೆಂದು ಒದ್ದೆ ಟವೆಲ್ಲಿನ ಮರೆಯಲ್ಲಿ ಕೂರುತ್ತಿದ್ದೆ. ಎರಡನೇ ವಾರಕ್ಕೆ ಅದೂ ಹೋಯಿತು. ನಾವು ಮದುವೆಯಾಗಿ ಇಪ್ಪತ್ತೆಂಟು ವರ್ಷ. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು, ಹಗಲು ಬೆಳಕಿನಲ್ಲಿ ಒಬ್ಬರ ಮುಖವನ್ನೊಬ್ಬರು ನೋಡಿದ ನೆನಪು ನನಗಿರಲಿಲ್ಲ. ನನ್ನ ಹುಬ್ಬಿನ ಕೆಳಗಿನ ಸಣ್ಣ ಗೀರು ಅವಳಿಗೆ ಕಂಡದ್ದು ಆಗಲೇ. ಬಾಗಲಕೋಟೆಯ ನಮ್ಮ ಓಣಿಯಲ್ಲಿ ಚಿನ್ನಿದಾಂಡು ಆಡುವಾಗ ಬಿದ್ದ ಪೆಟ್ಟು ಅದು. ಆ ಕಥೆ ಹೇಳುತ್ತ ಹೇಳುತ್ತ ನಿಜಕ್ಕೂ ಒಂದು ದಿನ ಗಾಡಿ ತಪ್ಪಿಸಿಕೊಂಡೆ.

ಸುಮಾರು ಎರಡು ತಿಂಗಳಾಗಿರಬೇಕು. ಸೀರೆ ಅಂಗಡಿಯಲ್ಲಿ ನಮ್ಮ ಕೆಲಸವೇ ಒಂದು ಥರದ್ದು. ಗಿರಾಕಿಗೆ ಸೀರೆ ಉಟ್ಟರೆ ಹೇಗೆ ಕಾಣುತ್ತದೆಂದು ತೋರಿಸಲು ನಾವೇ ಸೆರಗನ್ನು ಹೆಗಲ ಮೇಲೆ ಹೊದ್ದು, ನೆರಿಗೆ ಹಿಡಿದು ನಿಲ್ಲುತ್ತೇವೆ. ಅಂದು ಮಾಜಿವಾಡಾದಿಂದ ಒಬ್ಬ ಹೆಂಗಸು ಬಂದಿದ್ದರು. ಅವರ ಮನೆಯವರದು ಹೋಟೆಲು, ಮೂಲ ಮಂಗಳೂರಿನ ಕಡೆ. ಮಗಳ ನಿಶ್ಚಿತಾರ್ಥಕ್ಕೆ ಸೀರೆ ಬೇಕಿತ್ತು. ನಾನು ಒಂದು ಕಡುಹಸಿರು ರೇಷ್ಮೆಯನ್ನು ಹೊದ್ದು ನಿಂತೆ. ಅವರು ಸೀರೆ ಬಿಟ್ಟು ನನ್ನ ಮುಖವನ್ನೇ ನೋಡತೊಡಗಿದರು.

"ಅಣ್ಣ, ಒಂದು ಕೇಳಿದ್ರೆ ಬೇಜಾರು ಮಾಡ್ಬೇಡಿ. ನಿಮ್ಮ ಮುಖ ಒಂದು ಬದಿ ಬೇರೆಯೇ ಉಂಟಲ್ಲ?"

ನಾನು ಗೋಡೆಯ ಕನ್ನಡಿಯ ಕಡೆ ತಿರುಗಿದೆ. ದಿನಾ ನೋಡುವ ಮುಖವಾದ್ದರಿಂದ ಗೊತ್ತಾಗಿರಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಈಗ ಸರಿಯಾಗಿ ಕಂಡಿತು. ಎಡಗಲ್ಲ ಇಸ್ತ್ರಿಯಿಂದ ಬಂದ ಹಾಗಿತ್ತು, ಬಲಗಲ್ಲ ಒಗೆದು ಹಿಂಡಿ ಎಸೆದ ಹಾಗೆ. ಮರೆಮಾಚುವುದು ಏಕೆಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ನಗಲಿಲ್ಲ, ತಕ್ಷಣ ಫೋನು ತೆಗೆದರು.

"ಹೆಸರು ಹೇಳಿ, ನಾನೂ ತರಿಸ್ತೇನೆ."

ಹೆಸರು ನನಗೆ ಎಲ್ಲಿಂದ ಗೊತ್ತು? ಮನೆಗೆ ಫೋನು ಹಚ್ಚಿ ಆಕೆಯ ಕೈಗೆ ಕೊಟ್ಟೆ. ಇಬ್ಬರೂ ಹಿಂದೆಂದೂ ಮಾತಾಡಿದವರಲ್ಲ. ಕಾಲು ಗಂಟೆ ಮಾತಾಡಿದರು. ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ಹನಿ, ಬೆವರಿದರೆ ಏನು. ಅಷ್ಟು ಹೊತ್ತೂ ನಾನು ಹಸಿರು ಸೆರಗು ಹೊದ್ದುಕೊಂಡೇ ನಿಂತಿದ್ದೆ. ಆಕೆ ಅದೇ ಸೀರೆ ತೆಗೆದುಕೊಂಡರು.

ಮನೆಗೆ ಬಂದರೆ ಹೆಂಡತಿಯ ಮುಖ ಅರಳಿತ್ತು. "ಇನ್ನ ನೀನೂ ಶುರು ಮಾಡು," ಎಂದೆ. "ಇನ್ನೊಂದು ತಿಂಗಳು ಹೋಗ್ಲಿ," ಎಂದಳು. "ಹಂಗಾದ್ರ ನನಗ ಬಲಗಡೆನೂ ಹಚ್ಚು," ಎಂದೆ.

"ಬ್ಯಾಡ. ಬಲಗಡಿದು ಹಂಗ ಇರ್ಲಿ. ಇಲ್ಲಂದ್ರ ಫರಕ ಹೆಂಗ ಗೊತ್ತಾಗಬೇಕು?"

ಅವಳಿಗೆ ಫರಕ ಬೇಕಿತ್ತು. ನನಗೆ ಆ ಫರಕವೇ ದೊಡ್ಡ ತಲೆನೋವಾಯಿತು. ಕನ್ನಡಿಯ ಮುಂದೆ ನಿಂತಾಗಲೆಲ್ಲ ಕಣ್ಣು ಬಲಗಲ್ಲಕ್ಕೇ ಹೋಗುತ್ತಿತ್ತು. ಲೋಕಲ್ ಗಾಡಿಯಲ್ಲಿ ಬಲಗಲ್ಲ ಕಿಟಕಿಯ ಕಡೆ ಬರುವ ಹಾಗೆ ಕೂರತೊಡಗಿದೆ, ಜನರಿಗೆ ಎಡಗಡೆ ಕಾಣಲಿ ಎಂದು. ಐವತ್ತೈದರ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ನನಗೇ ನಾಚಿಕೆಯಾಗುತ್ತಿತ್ತು, ಆದರೂ ಬಿಡಲಿಲ್ಲ.

ಒಂದು ಸೋಮವಾರ ಅವಳು ಕೋಪರಿಯಲ್ಲಿರುವ ಅಕ್ಕನ ಮನೆಗೆ ಹೋದಳು. ಮನೆಯಲ್ಲಿ ನಾನೊಬ್ಬನೇ. ಊಟ ಮುಗಿಸಿ ಶೆಲ್ಫಿನ ಮುಂದೆ ನಿಂತೆ. ಬಲಗಲ್ಲ ಎಡಗಲ್ಲಕ್ಕಿಂತ ಎರಡು ತಿಂಗಳಷ್ಟು ಹಿಂದೆ ಬಿದ್ದಿತ್ತು, ಅದಕ್ಕೆ ಸ್ವಲ್ಪ ಜೋರಾದದ್ದೇ ಬೇಕು ಎನಿಸಿತು. ಮಗಳು ತನಗೆಂದು ಇಟ್ಟುಕೊಂಡಿದ್ದ ಒಂದು ಬಾಟಲಿ ಮೂಲೆಯಲ್ಲಿತ್ತು. ಒಳಗೆ ದಾಳಿಂಬೆ ರಸದಂಥ ಕೆಂಪು ನೀರು. ಚಷ್ಮಾ ಹುಡುಕುವ ತಾಳ್ಮೆ ಇರಲಿಲ್ಲ. ಬಲಗಲ್ಲಕ್ಕೆ ಧಾರಾಳವಾಗಿ ಹಚ್ಚಿದೆ. ಬೆರಳಲ್ಲಿ ಉಳಿದದ್ದನ್ನು ಹಣೆಗೂ ಸವರಿದೆ. ಟೀವಿಯಲ್ಲಿ ಕ್ರಿಕೆಟ್ ಹಚ್ಚಿಕೊಂಡು ದಿವಾನಿನ ಮೇಲೆ ಒರಗಿದವನಿಗೆ ಹಾಗೇ ನಿದ್ದೆ ಹತ್ತಿತು.

ಎಚ್ಚರಾದದ್ದು ಉರಿಗೆ. ಓಡಿಹೋಗಿ ತೊಳೆದುಕೊಂಡೆ. ಕನ್ನಡಿಯಲ್ಲಿ ನೋಡಿದರೆ ಬಲಗಲ್ಲ ಹಣ್ಣು ಟೊಮ್ಯಾಟೊ. ಹಣೆಯ ಮೇಲೆ ಮೂರು ಬೆರಳಿನ ಗುರುತು ವಿಭೂತಿ ಇಟ್ಟಷ್ಟು ಸ್ಪಷ್ಟವಾಗಿ ಕೆಂಪಗೆ ಮೂಡಿತ್ತು.

ಸಂಜೆ ಬಾಗಿಲು ತೆಗೆದ ಕೂಡಲೇ ಅವಳು ನೋಡಿದಳು. ಚಪ್ಪಲಿಯನ್ನೂ ಬಿಡದೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಸಿದಳು.

"ನಾ ಹಚ್ಚಿದ್ದರಿಂದ ಆತೇನ್ರಿ?" ಎಂದಳು ಸಣ್ಣ ದನಿಯಲ್ಲಿ.

ಅವಳು ಬೈದಿದ್ದರೆ ಸುಳ್ಳು ಹೇಳಿ ಪಾರಾಗುತ್ತಿದ್ದೆನೇನೋ. ಆ ದನಿ ಕೇಳಿ ಆಗಲಿಲ್ಲ. ಕೆಂಪು ಬಾಟಲಿ ತಂದು ಅವಳ ಮುಂದೆ ಇಟ್ಟೆ. ಅವಳು ಮಗಳಿಗೆ ವಿಡಿಯೋ ಕಾಲ್ ಹಚ್ಚಿದಳು. ಮಗಳು ನನ್ನ ಹಣೆ ನೋಡಿ ಮೊದಲು ಬಿದ್ದುಬಿದ್ದು ನಕ್ಕಳು. ಆಮೇಲೆ ಗಂಭೀರವಾಗಿ, "ಪಪ್ಪಾ, ಅದನ್ನ ದಸ್ ಮಿನಿಟ್ ಬಿಟ್ಟು ತೊಳೀಬೇಕು. ಬಾಟಲಿ ಮೇಲೇ ಲಿಖಾ ಹೈ. ನಾಳೆ ಡಾಕ್ಟರ್‌ಗೆ ತೋರ್ಸು, ಪಕ್ಕಾ," ಎಂದಳು.

ಮರುದಿನ ಅಂಗಡಿ ತೆರೆಯುವ ಮುಂಚೆ ಕಲ್ಯಾಣದಲ್ಲೇ ಒಬ್ಬ ಚರ್ಮದ ಡಾಕ್ಟರ ಹತ್ತಿರ ಹೋದೆವು. ವಯಸ್ಸಾದ ಹೆಂಗಸು, ಕಡಿಮೆ ಮಾತು. ದೀಪದ ಕೆಳಗೆ ನನ್ನ ಮುಖ ನೋಡಿ, ಮೇಲಿನ ಪದರವಷ್ಟೇ ಸುಟ್ಟಿದೆ, ವಾರದಲ್ಲಿ ಸುಲಿದು ಹೋಗುತ್ತದೆ, ಅಲ್ಲಿಯವರೆಗೆ ಸಾದಾ ಮಾಯಿಶ್ಚರೈಸರ್ ಬಿಟ್ಟು ಏನೂ ಬೇಡ ಎಂದು ಹಿಂದಿಯಲ್ಲಿ ಹೇಳಿದರು. ನನ್ನದು ಅಷ್ಟಕ್ಕೇ ಮುಗಿಯಿತು. ಚೀಟಿ ಬರೆಯುತ್ತಿದ್ದವರು ಕತ್ತೆತ್ತಿ ನನ್ನ ಹಿಂದೆ ನಿಂತಿದ್ದ ಹೆಂಡತಿಯನ್ನು ನೋಡಿದರು. ನೀವೂ ಕೂತುಕೊಳ್ಳಿ ಎಂದು ಸ್ಟೂಲು ತೋರಿಸಿದರು. ತಾನು ಜೊತೆಗೆ ಬಂದವಳಷ್ಟೇ ಎಂದಳು ಇವಳು. ಡಾಕ್ಟರು ದೀಪವನ್ನು ಆಗಲೇ ಅವಳ ಕಡೆ ತಿರುಗಿಸಿದ್ದರು.

ಅವಳ ಎರಡೂ ಗಲ್ಲದ ಮೇಲೆ ಕಂದು ಬಣ್ಣದ ಕಲೆ ಇದೆ, ಬಂಗು. ಮಗಳು ಹುಟ್ಟಿದಾಗ ಬಂದದ್ದು. ಮೂಗು ಇದ್ದ ಹಾಗೆ, ಕಿವಿ ಇದ್ದ ಹಾಗೆ ಅದೂ ಅವಳ ಮುಖದಲ್ಲಿ ಇದೆ ಎಂದು ನಾನು ಇದ್ದುಬಿಟ್ಟಿದ್ದೆ. ಎಷ್ಟು ವರ್ಷವಾಯಿತು ಎಂದು ಡಾಕ್ಟರು ಕೇಳಿದರು. ಇಪ್ಪತ್ತಾರು ಎಂದಳು. ಯಾರಿಗಾದರೂ ತೋರಿಸಿದ್ದೀರಾ ಎಂದು ಕೇಳಿದ್ದಕ್ಕೆ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಪೂರ್ತಿ ಹೋಗುತ್ತದೆಂದು ಸುಳ್ಳು ಹೇಳುವುದಿಲ್ಲ, ತಿಳಿಯಾಗುತ್ತದೆ, ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ತಪ್ಪಿಸಬಾರದು ಎಂದು ಹೇಳಿ ಡಾಕ್ಟರು ಅವಳಿಗೂ ಒಂದು ಚೀಟಿ ಬರೆದರು.

ಹೊರಗೆ ಬಂದು ಸ್ಟೇಷನ್ನಿನ ಕಡೆ ನಡೆಯುವಾಗ ಕೇಳಿದೆ. "ಈ ಸೀರಮ್ಮು, ಕ್ರೀಮು ಎಲ್ಲಾ ಬಂಗಿನ ಸಲುವಾಗಿ ಏನು?"

"ಮತ್ಯಾತರ ಸಲುವಾಗಿ ಅನ್ಕೊಂಡಿದ್ರಿ?"

"ಮೊದಲ ಹೇಳಬಾರದಿತ್ತಾ?"

"ದಿನಾ ನೋಡತಿದ್ರಲ್ಲ. ಏನೂ ಅನ್ಲಿಲ್ಲ. ಚಲೋ ಕಾಣೂದಿಲ್ಲಂತ ಸುಮ್ನದಾರ ಅನ್ಕೊಂಡೆ."

"ನನಗ ಅದು ಎದ್ದು ಕಂಡಿದ್ದ ಇಲ್ಲ," ಎಂದೆ. ಅದು ನಿಜವೇ ಆಗಿತ್ತು.

ಅವಳು ನಿಂತುಬಿಟ್ಟಳು. ಹಿಂದೆ ಬರುತ್ತಿದ್ದವರು ನಮ್ಮನ್ನು ಬಳಸಿಕೊಂಡು ಹೋದರು. "ಸೀರಿ ಮ್ಯಾಲ ಸಾಸಿವಿಯಷ್ಟು ಕಲಿ ಇದ್ರೂ ಹಿಡೀತೀರಿ. ಹೆಂಡ್ತಿ ಮುಖದ ಮ್ಯಾಲಿಂದು ಕಾಣ್ಲಿಲ್ಲ?"

ನನ್ನ ಪೆಚ್ಚುಮುಖ, ಅದರಲ್ಲೂ ಕೆಂಪಾದ ಪೆಚ್ಚುಮುಖ ನೋಡಿ ಅವಳಿಗೆ ನಗು ಬಂತು. ಅವಳು ನಕ್ಕದ್ದು ಕಂಡು ನಾನೂ ನಕ್ಕೆ. ನಕ್ಕರೆ ಗಲ್ಲ ಚುರುಗುಟ್ಟುತ್ತಿತ್ತು.

ಆ ವಾರವೆಲ್ಲ ನನ್ನ ಮುಖ ಈರುಳ್ಳಿ ಸಿಪ್ಪೆಯ ಹಾಗೆ ಸುಲಿಯಿತು. ಬೆಳಗಿನ ಕುರ್ಚಿ ಮಾತ್ರ ನಿಲ್ಲಲಿಲ್ಲ. ಮೂರನೇ ದಿನ, ಅವಳು ನನಗೆ ಸಾದಾ ಮಾಯಿಶ್ಚರೈಸರ್ ಹಚ್ಚಿ ಮುಗಿಸಿದ ಮೇಲೆ, ಡಾಕ್ಟರು ಅವಳಿಗೆ ಕೊಟ್ಟ ಟ್ಯೂಬನ್ನು ನಾನು ಎತ್ತಿಕೊಂಡೆ. "ಇವತ್ತು ನೀ ಕುಂದರು," ಎಂದೆ. ಅವಳು ಎರಡು ಸಲ ಬೇಡವೆಂದಳು. ಆಮೇಲೆ ಕೂತು ಕಣ್ಣು ಮುಚ್ಚಿಕೊಂಡಳು. ಸೂಜಿ ಚುಚ್ಚಿಸಿಕೊಳ್ಳುವವರ ಹಾಗೆ ಸೀರೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ನಾನು ಕ್ರೀಮು ಸವರಿದೆ.

"ಏನ್ ಬೆರಳ್ರೀ ಇವು, ಕಾಯಿ ತುರಿಯೂ ಮಣಿ ಆಗ್ಯಾವ," ಎಂದಳು ಕಣ್ಣು ತೆರೆಯದೆ.

ಆಮೇಲೆ ಒಂದು ಗಂಟೆ ಕೈಗನ್ನಡಿ ಕೆಳಗಿಡಲಿಲ್ಲ. ಏನೂ ಆಗಲಿಲ್ಲ. ಮರುದಿನವೂ ಏನೂ ಆಗಲಿಲ್ಲ. ಹದಿನೈದು ದಿನವಾದ ಮೇಲೆ ತಾನೇ ಹಚ್ಚಿಕೊಳ್ಳತೊಡಗಿದಳು.

ಈಗ ಏಳೆಂಟು ತಿಂಗಳಾಗಿದೆ. ಬಂಗು ಹೋಗಿಲ್ಲ. ಡಾಕ್ಟರು ಹೇಳಿದ ಹಾಗೆ ತಿಳಿಯಾಗಿದೆ, ಚಹಾಕ್ಕೆ ಹಾಲು ಸ್ವಲ್ಪ ಹೆಚ್ಚು ಹಾಕಿದಷ್ಟು. ಕಾಯಿಪಲ್ಯೆ ತರಲು ಕೆಳಗೆ ಹೋಗುವಾಗಲೂ ಸನ್‌ಸ್ಕ್ರೀನ್ ಹಚ್ಚಿಕೊಂಡು, ಮೊದಲಿನ ಹಾಗೆ ತಲೆಯ ಮೇಲೆ ಸೆರಗು ಎಳೆದುಕೊಳ್ಳದೆ ಹೋಗುತ್ತಾಳೆ. ಬಿಲ್ಡಿಂಗಿನ ಹೆಂಗಸರಿಗೆ ವಿಷಯ ಗೊತ್ತಾಗಿ, ಸೋಮವಾರ ಮಧ್ಯಾಹ್ನ ಒಬ್ಬಿಬ್ಬರು ತಮ್ಮ ತಮ್ಮ ಬಾಟಲಿ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಾರೆ. ಮರಾಠಿ, ತುಳು, ಕನ್ನಡ ಎಲ್ಲ ಕಲಸಿ ಮಾತು ನಡೆಯುತ್ತದೆ. ಮೊನ್ನೆ ಕೆಳಗಿನ ಮನೆಯ ಹೆಂಗಸು ತಾವು ತಂದ ಹೊಸ ಕ್ರೀಮು ತೋರಿಸಿ, ಮೊದಲು ಯಾರಿಗೆ ಹಚ್ಚುವುದು ಎಂದು ಕೇಳಿದರು.

"ನಿಮ್ಮ ಮನಿಯವ್ರು ಅದಾರಲ್ಲ, ಕಳಸ್ರಿ ನಾಳೆ," ಎಂದಳು ನನ್ನ ಹೆಂಡತಿ.

ನಾನು ಚಹಾಕ್ಕೆ ನೀರಿಡಲು ಒಳಗೆ ಹೋದೆ.