ಕುಂಕುಮಕ್ಕಿಂತ ಮೊದಲು ಸುತ್ತಿಗೆ
ಕಾಲುವೆ ನೀರು ಬಂದು ಭತ್ತ ಕೈಗೆ ಹತ್ತಿದ ಮೇಲೆ ಶಹಾಪುರದವರಿಗೆ ಹಳೆಯ ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿಯಿತು. ಕೊಳ್ಳುವ ಮುನ್ನ ವೆಲ್ಡಿಂಗ್ ಅಂಗಡಿಯ ತಿಮ್ಮಣ್ಣನಿಗೆ ತೋರಿಸಲೇಬೇಕು. ತಿಮ್ಮಣ್ಣ ಬಣ್ಣ ನೋಡುವವನಲ್ಲ, ಎಂಜಿನ್ ಸದ್ದಿಗೆ ಮರುಳಾಗುವವನೂ ಅಲ್ಲ. ಅಂಗಾತ ಮಲಗಿ ಕಾರಿನಡಿ ತೂರಿ, ಸಂತೆಯಲ್ಲಿ ಗಡಿಗೆ ಬಡಿದು ನೋಡುವ ಮುದುಕಿಯಂತೆ ಸಣ್ಣ ಸುತ್ತಿಗೆಯಿಂದ ಚಾಸಿ, ಅಂದರೆ ಕಾರಿನ ಅಡಿಯ ಚೌಕಟ್ಟು, ಬಡಿದು ಕಿವಿಗೊಡುತ್ತಾನೆ. ಬಾಗಿಲ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ, ಮ್ಯಾಟಿನಡಿಯ ತಗಡು, ಎಲ್ಲಿ ಟಣ್ ಅನ್ನದೆ ದಪ್ ಅಂದಿತೋ ಅಲ್ಲಿಗೆ ವ್ಯಾಪಾರ ಮುಗಿಯಿತು. "ಒಳಗ ತುಕ್ಕ ತಿಂದೈತಿ, ಮ್ಯಾಲ ಬಣ್ಣ ನಗಾಕತ್ತೈತಿ," ಎನ್ನುತ್ತಾನೆ. ಆ ಸದ್ದಿಗೆ ಸುರಪುರದಲ್ಲಿ ಕುಳಿತ ಕಾರು ದಲ್ಲಾಳಿಯ ಎದೆಯೂ ಝಲ್ಲೆನ್ನುತ್ತದಂತೆ. ಆದರೆ ಕುಂಕುಮ ಹಚ್ಚಿ ತಂದ ಕಾರನ್ನು ಆ ಕುಂಕುಮ ಒರೆಸದೆ ಮುಟ್ಟುವುದಿಲ್ಲ. ಹಿಂದೊಮ್ಮೆ ತನ್ನ ಅಳಿಯ ಕೆಂಪು ಕಾರು ತಂದಾಗ ಪೂಜೆ ಆಗಿಹೋಗಿತ್ತು; ಪೂಜೆಯಾದ ಗಾಡಿಗೆ ಸುತ್ತಿಗೆ ತಾಗಿಸಬಾರದೆಂದು ತಿಮ್ಮಣ್ಣ ಕೈಮುಗಿದು ಸುಮ್ಮನಾಗಿದ್ದ. ತಿಂಗಳೊಳಗೆ ಸೇತುವೆಯ ತಿರುವಿನಲ್ಲಿ ಚಾಸಿ ಮುರಿದು ಅಳಿಯ ಕಾಲುವೆಯ ಪಾಲಾದ. ಮೊನ್ನೆ ಕಾರು ತಂದವನೊಬ್ಬ, "ಕುಂಕುಮ ಅಳಿಸಿದ್ರ ಅಪಶಕುನ ಅಲ್ಲೇನ್ರಿ, ಕಾಕಾ?" ಎಂದ. ಒಳಗೆ ಚಹಾ ಸೋಸುತ್ತಿದ್ದ ಬರಿಹಣೆಯ ಮಗಳತ್ತ ನೋಡದೆ, ತಿಮ್ಮಣ್ಣ ತಾನೇ ಬಟ್ಟೆ ಎತ್ತಿಕೊಂಡ: "ಕಾರಿಂದು ಅಳಿಸಿದ್ರ ಮತ್ತ ಹಚ್ಚಬಹುದಪ್ಪ."