ರೋಸಿಯ ಜಡೆ ಬಿಚ್ಚಿದ ದಿನ

ಇವತ್ತು, ನಾನೀಗಿರುವ ಕೊಲ್ಲಿ ದೇಶದ ಫರ್ವಾನಿಯಾದ ಸಲೂನಿನಲ್ಲಿ ಇಥಿಯೋಪಿಯಾದ ಹೆಂಗಸೊಬ್ಬಳು, ಕ್ರೀಮು ಹಾಕಿ ನೆಟ್ಟಗೆ ಮಾಡಿಸಿದ್ದ ಕೂದಲ ತುದಿಗಳನ್ನೆಲ್ಲ ಸಲೂನಿನವಳ ಕೈಲಿ ಕತ್ತರಿಸಿಕೊಂಡು, ಬುಡದಿಂದ ಹೊಸದಾಗಿ ಬೆಳೆದ ಗುಂಗುರನ್ನಷ್ಟೇ ಉಳಿಸಿಕೊಳ್ಳುತ್ತಿದ್ದಳು. ಅದಕ್ಕೆ ಹಚ್ಚಿದ ಕೊಬ್ಬರಿ ಎಣ್ಣೆಯ ವಾಸನೆಗೆ ನಾನು ಹಳಿಯಾಳದ ಶಾಲೆಗೆ ಹೋಗಿಬಿಟ್ಟೆ.

ಇಂಥದೇ ಗುಂಗುರುಗೂದಲಿನ ಸಿದ್ದಿಯರ ಹುಡುಗಿ ರೋಸಿ ನನ್ನ ಬೆಂಚಿನವಳು. ಪ್ರತಿ ಭಾನುವಾರ ಅವಳವ್ವ ಎಣ್ಣೆ ಹಚ್ಚಿ, ಆ ಬಿಗಿ ಗುಂಗುರನ್ನು ಸಣ್ಣ ಸಣ್ಣ ಜಡೆಗಳಾಗಿ ಹೆಣೆದು ಕರಿ ದಾರ ಸುತ್ತುತ್ತಿದ್ದಳು. ಶಾಲೆಯ ನೃತ್ಯಕ್ಕೆ ಎಲ್ಲರಿಗೂ ರಿಬ್ಬನ್ ಕಟ್ಟಿದ ಎರಡೇ ಜಡೆ ಇರಬೇಕಿತ್ತು. ತರಗತಿಯ ಲೀಡರಾಗಿದ್ದ ನಾನು ಅವಳವ್ವ ಹೆಣೆದದ್ದನ್ನೆಲ್ಲ ಬಿಚ್ಚಿ, ಒಣಗೂದಲಿಗೇ ಬಾಚಣಿಗೆ ಹಾಕಿ ಎಳೆದೆ. ಕೂದಲು ತುಂಡುತುಂಡಾಗಿ ಕೈಗೆ ಬಂತು.

"ಇದೇನ ತಲಿಯೋ, ತೆಂಗಿನ ನಾರೋ?" ಎಂದೆ. ಎಲ್ಲರೂ ನಕ್ಕರು.

ಮರುದಿನ ರೋಸಿ ತಲೆ ಬೋಳಿಸಿಕೊಂಡು ಬಂದಳು. ಜೊತೆಗೆ ಬಂದಿದ್ದ ಅವಳವ್ವ ನನಗೆ, "ಇನ್ನ ನಿಮಗ ತ್ರಾಸಿಲ್ರೀ" ಎಂದಳು. ನೃತ್ಯಕ್ಕೆ ರೋಸಿಯನ್ನು ಸೇರಿಸಿಕೊಳ್ಳಲಿಲ್ಲ.

ಸಲೂನಿನವಳು ಈಗ ಆ ಹೆಂಗಸಿನ ಗುಂಗುರಿಗೆ ನೀರು ಚಿಮುಕಿಸಿ ಬೆರಳಲ್ಲೇ ಸಿಕ್ಕು ಬಿಡಿಸುತ್ತಿದ್ದಳು. ಸಣ್ಣವಳಿದ್ದೆ, ತಿಳಿಯಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಸುಳ್ಳು. ನಾನು ಬಾಚಣಿಗೆ ಎತ್ತಿಕೊಂಡಾಗಲೇ ರೋಸಿ ಹೇಳಿದ್ದಳು: "ನೀರು ಹಚ್ಚಿ ಬೆರಳಾಗ ಬಿಡಸ, ಇಲ್ಲಾಂದ್ರ ಹರೀತೈತಿ."

ನನಗೆ ಚೆನ್ನಾಗಿಯೇ ಕೇಳಿಸಿತ್ತು.