ದರ್ಜಿಯ ಹೆಬ್ಬೆರಳ ಉಗುರು

ನಮ್ಮ ಬೀದಿಯ ದರ್ಜಿಗೆ ಹೆಬ್ಬೆರಳ ಉದ್ದ ಉಗುರೇ ರಾಜದಂಡ. ಅದರಿಂದ ಬಟ್ಟೆಯ ಮಡಿಕೆ ಗೀರಿದರೆ ಇಸ್ತ್ರಿಪೆಟ್ಟಿಗೆಯೂ ನಾಚಬೇಕು ಎನ್ನುತ್ತಿದ್ದ.

ಈಚೆಗೆ ಅವನ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಬಟ್ಟೆಯೇ ಹಿಗ್ಗಿದೆ ಎಂದು ತೀರ್ಮಾನಿಸಿದ ಮಹಾಶೂರ, ಎರಡು ಸಲ ಅದರ ಸೊಂಟ ಬಿಗಿಮಾಡಿ ಹೊಲಿದ. ಮೂರನೆಯ ಸಲ ಸೂಜಿ ಎತ್ತಿದಾಗ ಹೆಂಡತಿ ಅಡ್ಡ ಬಂದಳು.

"ರೀ, ಬಟ್ಟೆ ಹಿಗ್ಗಿಲ್ಲ, ನೀವೇ ಕುಗ್ಗಿದ್ದೀರಿ. ಮೂರು ಜನರ ಊಟ ಒಬ್ಬರೇ ಬಾರಿಸ್ತೀರಿ, ಆದರೂ ಹ್ಯಾಂಗರಿಗೆ ಹಾಕಿದ ಅಂಗಿ ಥರ ಕಾಣ್ತೀರಿ. ಆಗಾಗ ಹೊಟ್ಟೆನೋವು ಬೇರೆ. ಕುರ್ಚಿ ಮೇಲೆ ಕೂತಲ್ಲಿ ಕೂರಲ್ಲ, ಹಿಂದೆ ಕೆರ್ಕೊಳ್ತಾನೇ ಇರ್ತೀರಿ. ಗಿರಾಕಿಗಳ ಮುಂದೆ ನನ್ನ ಮಾನ ಹೋಗ್ತಿದೆ!"

"ಕುರ್ಚಿಗೆ ತಿಗಣೆ ಬಿದ್ದಿದೆ ಕಣೇ."

"ತಿಗಣೆಯಲ್ಲ, ಹೊಟ್ಟೇಲಿ ಜಂತುಹುಳು. ನಡೀರಿ ಡಾಕ್ಟರ ಹತ್ರ."

ಮಲ ಪರೀಕ್ಷೆಯಲ್ಲಿ ಗೆದ್ದವಳು ಹೆಂಡತಿ. ಡಾಕ್ಟರಮ್ಮ ಮನೆಮಂದಿಗೆಲ್ಲ ಮಾತ್ರೆ ಬರೆದು, ಆ ರಾಜದಂಡವನ್ನು ಬೆಳಕಿಗೆ ಹಿಡಿದು ನೋಡಿದರು.

"ಕೆರೆದಾಗ ಹುಳದ ಮೊಟ್ಟೆ ಇದರ ಸಂದಿಗೆ ಸೇರತ್ತೆ. ಅದೇ ಕೈಯಲ್ಲಿ ದಾರ ಹಿಡಿದು, ಸೂಜಿಗೆ ಪೋಣಿಸೋಕೆ ಬಾಯಲ್ಲಿ ನೆನೆಸ್ತೀರಿ. ಮಾತ್ರೆ ನುಂಗಿದ್ರೂ ಹುಳ ಮತ್ತೆ ಬರತ್ತೆ. ಉಗುರು ಬೇಕೋ, ಹೊಟ್ಟೆ ಬೇಕೋ?"

ಅಂಗಡಿಗೆ ಮರಳಿದ ದರ್ಜಿ ಬಹಳ ಹೊತ್ತು ಉಗುರನ್ನೇ ನೋಡುತ್ತ ಕೂತ. ಕೊನೆಗೆ ಕತ್ತರಿಯನ್ನು ಹೆಂಡತಿಯ ಕೈಗಿತ್ತು, ಮುಖ ಆಚೆ ತಿರುಗಿಸಿದ. ಕಚಕ್!

ಎರಡು ತಿಂಗಳಲ್ಲಿ ಪ್ಯಾಂಟಿನ ಸೊಂಟಕ್ಕೆ ಹಾಕಿದ್ದ ಆ ಹೊಲಿಗೆಯನ್ನೆಲ್ಲ ಬಿಚ್ಚಬೇಕಾಯಿತು. ಈಗ ಮಡಿಕೆ ಗೀರಲು ಚಮಚದ ಹಿಡಿ ಇದೆ. ಅದನ್ನು ಮುಟ್ಟುವ ಮೊದಲು ಸೋಪಿನಲ್ಲಿ ಕೈ ತೊಳೆಯಬೇಕೆಂಬುದು ಹೆಂಡತಿಯ ರಾಜಾಜ್ಞೆ.